ಒಂದು ಕೀಬೋರ್ಡು, ಎರಡು ಕಂಪ್ಯೂಟರು

ನಮ್ಮ ಶಾಲೆಯಲ್ಲಿ ಎರಡು ಕಂಪ್ಯೂಟರ್ ಇವೆ. ಆದರೆ ಸರಿಯಿರುವ ಕೀಬೋರ್ಡು, ಮೌಸು, ಮಾನಿಟರು ಒಂದೊಂದೇ. ಅದಕ್ಕೇ ಸರ್ ನಡುವೆ ಒಂದು ಸಣ್ಣ ಪೆಟ್ಟಿಗೆ ಜೋಡಿಸಿದ್ದಾರೆ. ಅದರ ಹೆಸರು ಕೆ.ವಿ.ಎಂ. ಸ್ವಿಚ್. ಕೆ ಅಂದ್ರೆ ಕೀಬೋರ್ಡ್, ವಿ ಅಂದ್ರೆ ವಿಡಿಯೋ, ಎಂ ಅಂದ್ರೆ ಮೌಸ್. ಗುಂಡಿ ಒತ್ತಿದರೆ ಮೂರೂ ಇನ್ನೊಂದು ಕಂಪ್ಯೂಟರಿಗೆ ಹೋಗ್ತವೆ, ಒಂದು ಮಡಿಯಿಂದ ಇನ್ನೊಂದು ಮಡಿಗೆ ನೀರು ತಿರುವಿದ ಹಾಗೆ. ಮೊದಲನೆಯದು ಆಫ್ ಆಗೋದಿಲ್ಲ, ಒಳಗೇ ನಡೀತಿರುತ್ತೆ.

ಹಳೇ ಕಂಪ್ಯೂಟರುಗಳು ಎಷ್ಟೋ ಸಲ ಕೀಬೋರ್ಡ್ ಕಾಣದಿದ್ರೆ ಶುರುವೇ ಆಗ್ತಿರಲಿಲ್ಲ. ಅಂಥವಕ್ಕೆ ಈ ಪೆಟ್ಟಿಗೆಯೇ ‘ಕೀಬೋರ್ಡ್ ಇದೆ’ ಅಂತ ಸುಳ್ಳು ಹೇಳುತ್ತಿತ್ತು!

ಹೋದ ವಾರ ನಾನು ದೀಪ ಯಾವ ನಂಬರಿನಲ್ಲಿದೆ ಅಂತ ನೋಡಲಿಲ್ಲ. ಆರನೇ ತರಗತಿಯವರು ಬಿಡಿಸಿದ್ದ ನವಿಲಿನ ಮೇಲೇ ಗೀಚಿ ಸೇವ್ ಮಾಡಿಬಿಟ್ಟೆ. ಆಮೇಲೆ ನಾನೇ ಕೂತು ಬಿಡಿಸಿಕೊಟ್ಟೆ. ಅವರದರಷ್ಟು ಚೆನ್ನಾಗಿ ಬರಲಿಲ್ಲ.