ಇಬ್ಬರಲ್ಲಿ ಒಬ್ಬ: ಗಾಲ್ಫ್ ಮ್ಯಾಚಪ್ ಬೆಟ್ಟಿಂಗಿನ ಲೆಕ್ಕ

ನಮ್ಮ ಸಂಘದ ಸೀನಿಯರ್ ಒಬ್ಬರು ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದಾರೆ. ಹೋದ ತಿಂಗಳು ಸಂಘದ ಗ್ರೂಪಿಗೆ ಒಂದು ಮೆಸೇಜ್ ಹಾಕಿದ್ರು: "ಗಾಲ್ಫ್ ಮ್ಯಾಚಪ್ ಬೆಟ್‌ನಲ್ಲಿ ಹತ್ತಕ್ಕೆ ಏಳು ಗೆದ್ದೆ ಕಣ್ರೋ. ನೀವೆಲ್ಲ ಸೇರಿ ಒಂದು ಮಾಡೆಲ್ ಮಾಡಿಕೊಡಿ, ಉಳಿಸಿಟ್ಟ ದುಡ್ಡನ್ನೆಲ್ಲ ಹಾಕ್ತೀನಿ." ನಮ್ಮಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ಆದ್ರೆ ಪ್ರಾಬಬಿಲಿಟಿ ಪೇಪರ್ ಎಲ್ಲರೂ ಬರೆದಿದ್ದೇವೆ. ಅಣ್ಣನ ದುಡ್ಡಿನ ಪ್ರಶ್ನೆ ಅಂತ ಕೂತು ಲೆಕ್ಕ ಹಾಕಿದೆವು. ಅದೇ ಈ ಸಲದ ಪಾಠ.

ಮ್ಯಾಚಪ್ ಅಂದ್ರೇನು?

ಗಾಲ್ಫ್‌ನಲ್ಲಿ ಕಡಿಮೆ ಹೊಡೆತ, ಅಂದ್ರೆ ಕಡಿಮೆ ಸ್ಟ್ರೋಕ್ ತಗೊಂಡವರೇ ಮುಂದೆ. ದೊಡ್ಡ ಟೂರ್ನಿಗಳು ಹೆಚ್ಚಾಗಿ ನಾಲ್ಕು ದಿನ, ದಿನಕ್ಕೆ 18 ಹೋಲ್, ಒಟ್ಟು 72 ಹೋಲ್. ನೂರಕ್ಕೂ ಹೆಚ್ಚು ಆಟಗಾರರಲ್ಲಿ ಗೆಲ್ಲುವವರನ್ನು ಊಹಿಸೋದು ಕಷ್ಟ. ಮ್ಯಾಚಪ್‌ನಲ್ಲಿ ಬುಕ್ಕಿ ಇಬ್ಬರ ಹೆಸರನ್ನು ಮಾತ್ರ ಮುಂದಿಡುತ್ತಾನೆ. ಆ ಇಬ್ಬರಲ್ಲಿ ಯಾರ ಸ್ಕೋರ್ ಕಡಿಮೆ ಅನ್ನೋದಷ್ಟೇ ಪ್ರಶ್ನೆ. ಉಳಿದವರು ಏನು ಮಾಡಿದರೂ ಸಂಬಂಧವಿಲ್ಲ. ಇದು ಒಂದು ದಿನದ್ದೂ ಆಗಬಹುದು, ಇಡೀ ಟೂರ್ನಿಯದ್ದೂ ಆಗಬಹುದು.

ಸಮ ಆದರೆ ಸಾಮಾನ್ಯವಾಗಿ ಹಾಕಿದ ದುಡ್ಡು ವಾಪಸ್. ಪಿಜಿಎ ಟೂರ್‌ನ ಹೆಚ್ಚಿನ ಟೂರ್ನಿಗಳಲ್ಲಿ 36 ಹೋಲ್ ಆದ ಮೇಲೆ ಮೊದಲ 65 ಸ್ಥಾನದವರು ಮತ್ತು ಅವರಿಗೆ ಸಮನಾದವರು ಮುಂದಕ್ಕೆ ಹೋಗ್ತಾರೆ, ಉಳಿದವರು ಮನೆಗೆ. ಇದಕ್ಕೆ 'ಕಟ್' ಅಂತಾರೆ. ಟೂರ್ನಿ ಮ್ಯಾಚಪ್‌ನಲ್ಲಿ ಒಬ್ಬ ಕಟ್ ದಾಟಿ ಇನ್ನೊಬ್ಬ ದಾಟದಿದ್ದರೆ, ದಾಟಿದವನೇ ಗೆದ್ದ ಹಾಗೆ.

ಗಾಲ್ಫ್ ಚರಿತ್ರೆಯಲ್ಲೇ ಇದಕ್ಕೊಂದು ಸೊಗಸಾದ ಉದಾಹರಣೆ ಇದೆ. 1977ರ ಓಪನ್ ಚಾಂಪಿಯನ್‌ಶಿಪ್, ಸ್ಕಾಟ್ಲೆಂಡಿನ ಟರ್ನ್‌ಬೆರಿ. ಟಾಮ್ ವಾಟ್ಸನ್ ಮತ್ತು ಜ್ಯಾಕ್ ನಿಕ್ಲಾಸ್ ಇಬ್ಬರೂ ಮೊದಲ ಮೂರು ದಿನ ಹೊಡೆದದ್ದು 68, 70, 65. ಕೊನೆಯ ದಿನ ವಾಟ್ಸನ್ 65, ನಿಕ್ಲಾಸ್ 66. ಒಟ್ಟು 268 ಮತ್ತು 269. ದಿನಕ್ಕೊಂದು ಮ್ಯಾಚಪ್ ಅಂತ ನೋಡಿದರೆ ಮೂರು ದಿನ ಸಮ, ನಾಲ್ಕನೇ ದಿನ ಒಂದೇ ಸ್ಟ್ರೋಕ್‌ನಲ್ಲಿ ತೀರ್ಮಾನ. ಮೂರನೇ ಸ್ಥಾನದವರ ಸ್ಕೋರ್ 279! ಆಗಿನ ಕಾಲದ ಆ ಇಬ್ಬರು ಘಟಾನುಘಟಿಗಳಲ್ಲಿ ಯಾರು ಮೇಲು ಅಂತ ಆ ಒಂದು ಸ್ಟ್ರೋಕ್ ಹೇಳುತ್ತಾ? ಈ ಪ್ರಶ್ನೆ ನೆನಪಿಟ್ಕೊಳ್ಳಿ.

ಬುಕ್ಕಿಯ ಪಾಲು

ಇಬ್ಬರೂ ಸರಿಸಮಾನ ಅನ್ನಿಸಿದಾಗ ಅಮೆರಿಕದ ಬುಕ್ಕಿ ಇಬ್ಬರ ಮುಂದೆಯೂ ಮೈನಸ್ 110 ಅಂತ ಬರೀತಾನೆ. ಅಂದ್ರೆ 110 ಡಾಲರ್ ಹಾಕಿದರೆ 100 ಡಾಲರ್ ಲಾಭ. ಇಂಥ ನೂರು ಬೆಟ್ ಹಾಕಿ ಐವತ್ತು ಗೆದ್ದಿರಿ ಅನ್ನೋಣ. ಬಂದ ಲಾಭ 5,000, ಹೋದದ್ದು 5,500. ನೂರಕ್ಕೆ ಐವತ್ತು ಗೆದ್ದರೂ 500 ಡಾಲರ್ ಖೋತಾ! ಲಾಭ ನಷ್ಟ ಇಲ್ಲದೆ ನಿಲ್ಲಬೇಕಾದರೂ 110 ಭಾಗಿಸು 210, ಅಂದ್ರೆ ಶೇ 52.4 ಗೆಲ್ಲಬೇಕು.

ಚೆನ್ನಾಗಿ ಆಡುವವನು ಎಷ್ಟು ಸಲ ಗೆಲ್ತಾನೆ?

"ನಾನು ಕಣ್ಣುಮುಚ್ಚಿ ಹಾಕ್ತಿಲ್ಲ, ಸ್ಟ್ರೋಕ್ಸ್ ಗೇನ್ಡ್ ನೋಡ್ತೀನಿ" ಅಂತ ಅಣ್ಣನ ವಾದ. ಇದು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಬೆಳೆಸಿದ ಅಳತೆ. 33 ಅಡಿ ದೂರದಿಂದ ಚೆಂಡನ್ನು ಕುಳಿಗೆ ಹಾಕಲು ಟೂರ್ ಆಟಗಾರರಿಗೆ ಸರಾಸರಿ 2 ಪಟ್ ಬೇಕು. ಒಬ್ಬ ಒಂದೇ ಪಟ್‌ನಲ್ಲಿ ಹಾಕಿದರೆ ಅವನಿಗೆ 1 ಸ್ಟ್ರೋಕ್ ಗಳಿಕೆ. ಹೀಗೆ ಪ್ರತಿ ಹೊಡೆತವನ್ನೂ ಸರಾಸರಿಯ ಜೊತೆ ಹೋಲಿಸೋದು. ಒಳ್ಳೆಯ ಅಳತೆಯೇ.

ಈಗ ನಮ್ಮ ಮಾಡೆಲ್. 'ಎ' ಅನ್ನುವವನು 'ಬಿ'ಗಿಂತ ದಿನಕ್ಕೆ ಅರ್ಧ ಸ್ಟ್ರೋಕ್ ಉತ್ತಮ ಅನ್ನೋಣ. ವೃತ್ತಿಪರ ಆಟಗಾರನ ಒಂದು ದಿನದ ಸ್ಕೋರಿನ ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 3 ಸ್ಟ್ರೋಕ್. ಇಬ್ಬರ ವ್ಯತ್ಯಾಸಕ್ಕೆ ಅದು 3 ಗುಣಿಸು ವರ್ಗಮೂಲ 2, ಸುಮಾರು 4.2. ಅರ್ಧವನ್ನು 4.2ರಿಂದ ಭಾಗಿಸಿದರೆ 0.12. ನಾರ್ಮಲ್ ಟೇಬಲ್ ತೆಗೆದು ನೋಡಿ: ಒಂದು ದಿನದ ಮ್ಯಾಚಪ್‌ನಲ್ಲಿ ಎ ಗೆಲ್ಲುವ ಸಂಭವ ಶೇ 55ರ ಆಸುಪಾಸು.

ನಾಲ್ಕು ದಿನಕ್ಕೆ? ಸರಾಸರಿ ಅಂತರ ನಾಲ್ಕು ಪಟ್ಟು, 2 ಸ್ಟ್ರೋಕ್. ಡೀವಿಯೇಷನ್ ಮಾತ್ರ ಎರಡೇ ಪಟ್ಟು, 8.5. ಹಾಗಾಗಿ ಸಂಭವ ಶೇ 59. ದಿನ ಹೆಚ್ಚಾದಷ್ಟೂ ಕೌಶಲಕ್ಕೆ ಬೆಲೆ ಹೆಚ್ಚು. ಕಟ್ ಲೆಕ್ಕಕ್ಕೆ ತಗೊಂಡಿಲ್ಲ, ಆದರೂ ಅಂದಾಜಿಗೆ ಇಷ್ಟು ಸಾಕು.

"ಹಾಗಾದ್ರೆ ಎ ಮೇಲೆ ಹಾಕಿದ್ರಾಯ್ತಲ್ಲ!" ಅಂತ ನಮ್ಮಲ್ಲೂ ಒಬ್ಬ ಕುಣಿದ. ಸ್ವಲ್ಪ ತಡಿಯಪ್ಪ. ಈ ಲೆಕ್ಕ ಬುಕ್ಕಿಗೂ ಗೊತ್ತು. ಅವನು ಎ ಮೇಲೆ 100 ಡಾಲರಿಗೆ ಒಟ್ಟು 161 ಅಷ್ಟೇ ಕೊಡ್ತಾನೆ. ನೂರು ಬೆಟ್‌ಗೆ 10,000 ಹಾಕಿ, 59 ಗೆದ್ದರೆ ವಾಪಸ್ ಬರೋದು 9,499. ಯಾರು ಉತ್ತಮ ಅಂತ ಸರಿಯಾಗಿ ಗುರುತಿಸಿಯೂ 501 ಡಾಲರ್ ಹೋಯ್ತು! ಆಟಗಾರ ಒಳ್ಳೆಯವನಾ ಅನ್ನೋದಲ್ಲ, ಬುಕ್ಕಿ ಕೊಟ್ಟ ಬೆಲೆ ತಪ್ಪಿದೆಯಾ ಅನ್ನೋದೇ ನಿಜವಾದ ಪ್ರಶ್ನೆ.

ಹತ್ತಕ್ಕೆ ಏಳು

ಅಣ್ಣ ಹತ್ತಕ್ಕೆ ಏಳು ಗೆದ್ದಿದ್ದು ಸುಳ್ಳಲ್ಲ. ಆದ್ರೆ ನಾಣ್ಯ ಚಿಮ್ಮಿದರೂ ಹತ್ತರಲ್ಲಿ ಏಳು ಅಥವಾ ಹೆಚ್ಚು ಸಲ ರಾಜ ಬೀಳುವ ಸಂಭವ 176 ಭಾಗಿಸು 1024, ಅಂದ್ರೆ ಶೇ 17. ಆರು ಜನ ಗೆಳೆಯರು ಹತ್ತತ್ತು ಬೆಟ್ ಹಾಕಿದರೆ ಅವರಲ್ಲಿ ಒಬ್ಬನಾದರೂ ಹೀಗೆ ಗೆಲ್ಲುವ ಸಂಭವ ಶೇ 68. ಗೆದ್ದವನು ಗ್ರೂಪಿನಲ್ಲಿ ಹೇಳ್ಕೋತಾನೆ, ಸೋತವರು ಸುಮ್ನಿರ್ತಾರೆ.

ಒಬ್ಬನಿಗೆ ನಿಜವಾಗಿಯೂ ಶೇ 55 ಗೆಲ್ಲುವ ಕೌಶಲ ಇದೆ ಅನ್ನೋಣ. ಅದು ಅದೃಷ್ಟ ಅಲ್ಲ ಅಂತ ತೋರಿಸಬೇಕಾದರೆ ಶೇ 52.4ಕ್ಕೂ 55ಕ್ಕೂ ಇರುವ ಅಂತರ ಎರಡು ಸ್ಟ್ಯಾಂಡರ್ಡ್ ಎರರ್ ಆಗಬೇಕು. ಅದಕ್ಕೆ ಸುಮಾರು 1,500 ಬೆಟ್ ಬೇಕು. ವಾರಕ್ಕೆ ಮೂರರಂತೆ ಹತ್ತು ವರ್ಷ!

ಇಷ್ಟನ್ನೂ ಅಣ್ಣನಿಗೆ ಕಳಿಸಿದೆವು. "ಮಾಡೆಲ್ ಕೇಳಿದ್ರೆ ಮಂಗಳಾರತಿ ಮಾಡಿದ್ರಲ್ಲೋ" ಅಂತ ಮೊದಲು ಬೈದ್ರು. ಎರಡು ದಿನ ಬಿಟ್ಟು ಇನ್ನೊಂದು ಮೆಸೇಜ್: ಹತ್ತರ ಹಿಂದೆ ಇನ್ನೂ ಹದಿನಾಲ್ಕು ಬೆಟ್ ಇತ್ತಂತೆ, ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲವಂತೆ. ಎಲ್ಲ ಸೇರಿ ಇಪ್ಪತ್ನಾಲ್ಕಕ್ಕೆ ಹನ್ನೆರಡು. ಉಳಿಸಿಟ್ಟ ದುಡ್ಡು ಬ್ಯಾಂಕಿನಲ್ಲೇ ಇದೆ.

ಇಲ್ಲಿರುವ ನಮಗೆ ಒಂದು ಮಾತು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಅಮೆರಿಕದಲ್ಲಿ ಇದನ್ನು ಆಯಾ ರಾಜ್ಯಗಳೇ ನಿರ್ಧರಿಸುತ್ತವೆ, ನ್ಯೂಜೆರ್ಸಿಯಲ್ಲಿ ಕಾನೂನು ಒಪ್ಪುತ್ತದೆ. ನಮ್ಮಲ್ಲಿ ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅದಕ್ಕೆ ನೀವು ದುಡ್ಡಿಲ್ಲದೆ ಪೈಥಾನ್‌ನಲ್ಲಿ ಆಡಿ: ಶೇ 50 ಗೆಲ್ಲುವವನಿಗೆ ಮೈನಸ್ 110 ಬೆಲೆಗೆ ಸಾವಿರ ಬೆಟ್ ಹಾಕಿಸಿ, ಹಾಗೆ ನೂರು ಸಲ ಓಡಿಸಿ, ಎಷ್ಟು ಸಲ ಲಾಭದಲ್ಲಿ ಮುಗಿಯಿತು ಅಂತ ಎಣಿಸಿ. ಉತ್ತರ ನಮಗೂ ಕಳಿಸಿ.