ಹಳೆಯ ಕಡತ ಮತ್ತು ಮಾಹಿತಿ ಹಕ್ಕು: ವರ್ತಕರು ಅರಿತಿರಬೇಕಾದ ಸಂಗತಿಗಳು

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಗಿರಣಿಯ ಅಥವಾ ಕಾರ್ಖಾನೆಯ ನಿವೇಶನದ ಆಧಾರದ ಮೇಲೆ ಸಾಲ ಪಡೆಯಲು ಹೊರಟ ಉದ್ಯಮಿಯಿಂದ ಬ್ಯಾಂಕಿನ ವಕೀಲರು ಭೂಪರಿವರ್ತನೆ ಆದೇಶದ ಪ್ರತಿಯನ್ನು ಅಪೇಕ್ಷಿಸುತ್ತಾರೆ. ಆದೇಶ ತಂದೆಯ ಕಾಲದ್ದಾದರೆ ಮನೆಯಲ್ಲಿ ಪ್ರತಿ ದೊರೆಯುವುದು ಅಪರೂಪ. ಕಚೇರಿಯಲ್ಲಿ ವಿಚಾರಿಸಿದರೆ ‘ಕಡತ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಸಾಲವೂ ನಿಂತಿತು, ವಿಸ್ತರಣೆಯೂ ನಿಂತಿತು. ಇಂತಹ ಸಂದರ್ಭದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005 ನೆರವಿಗೆ ಬರುತ್ತದೆ.

ಮೊದಲ ತೊಡಕು ಕಡತ ಯಾವ ಕಚೇರಿಯಲ್ಲಿದೆ ಎಂಬುದು. ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮುನ್ನ ದಾವಣಗೆರೆ, ಹರಿಹರ ಎರಡೂ ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದು, ಜಿಲ್ಲಾಧಿಕಾರಿಗಳ ಕಚೇರಿ ಚಿತ್ರದುರ್ಗದಲ್ಲಿತ್ತು. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಹಳೆಯ ಸಂಗತಿಗಳಿಗೆ ಶಿವಮೊಗ್ಗವನ್ನು ನೆನೆಯಬೇಕು. ಹರಿಹರದ ಸೇತುವೆ ದಾಟಿದೊಡನೆ ಸಿಗುವ ಕುಮಾರಪಟ್ಟಣ ಇಂದು ಹಾವೇರಿ ಜಿಲ್ಲೆಯದು, 1997ಕ್ಕೆ ಮುಂಚೆ ಧಾರವಾಡದ್ದು. ವ್ಯಾಪಾರ ನದಿಯನ್ನು ಗಣಿಸದಿದ್ದರೂ ಕಡತ ಗಣಿಸುತ್ತದೆ. ಆದರೆ ತಪ್ಪು ಕಚೇರಿಗೆ ಅರ್ಜಿ ಹೋಯಿತೆಂದು ಅದನ್ನು ಹಿಂದಿರುಗಿಸುವಂತಿಲ್ಲ. ಮಾಹಿತಿ ಇರುವ ಪ್ರಾಧಿಕಾರಕ್ಕೆ ಐದು ದಿನಗಳೊಳಗೆ ವರ್ಗಾಯಿಸಿ ಅರ್ಜಿದಾರನಿಗೆ ತಿಳಿಸಬೇಕೆಂದು 6(3)ನೇ ಪ್ರಕರಣ ವಿಧಿಸಿದೆ.

ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ಸಂಸ್ಥೆಯ ಹೆಸರಿನಲ್ಲಿಯೇ ಅರ್ಜಿ ಬರೆಯುವುದು ವರ್ತಕರು ಮಾಡುವ ತಪ್ಪು. ಈ ಹಕ್ಕು ಇರುವುದು ಭಾರತದ ನಾಗರಿಕನಿಗೆ, ಕಂಪನಿಗಲ್ಲ. ಪಾಲುದಾರನೋ ಪದಾಧಿಕಾರಿಯೋ ತನ್ನ ಸ್ವಂತ ಹೆಸರಿನಲ್ಲಿ ಅರ್ಜಿ ಸಲ್ಲಿಸಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಶುಲ್ಕ 10 ರೂಪಾಯಿ. ಕಾರಣ ತಿಳಿಸಬೇಕಾಗಿಲ್ಲ. ಸರ್ವೆ ನಂಬರು, ಗ್ರಾಮ, ಅಂದಾಜು ವರ್ಷ ನಮೂದಿಸಿ ‘ದೃಢೀಕೃತ ಪ್ರತಿ’ ಎಂದೇ ಕೇಳುವುದು ಲೇಸು. ‘ಏಕೆ ವಿಳಂಬವಾಯಿತು’ ಎಂಬಂತಹ ಪ್ರಶ್ನೆಗಳಿಂದ ಫಲವಿಲ್ಲ. ದಾಖಲೆಯಲ್ಲಿ ಇರುವುದನ್ನಷ್ಟೇ ಕೊಡಬೇಕು, ಹೊಸದಾಗಿ ಸೃಷ್ಟಿಸಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸ್ಪಷ್ಟಪಡಿಸಿದೆ.

ಇನ್ನು ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಿದ್ಧಪಡಿಸಿ ಇಡುವುದು 4ನೇ ಪ್ರಕರಣದಂತೆ ಕಚೇರಿಯದೇ ಕರ್ತವ್ಯ. ಒಮ್ಮೆ ಕಚೇರಿಯಲ್ಲಿದ್ದ ದಾಖಲೆಯನ್ನು ಕೂಲಂಕಷವಾಗಿ ಹುಡುಕಬೇಕು, ದೊರೆಯದಿದ್ದರೆ ಕಳೆದವರ ಹೊಣೆ ನಿಗದಿಪಡಿಸಬೇಕು ಎಂದು ದೆಹಲಿ ಉಚ್ಚ ನ್ಯಾಯಾಲಯ 2013ರಲ್ಲಿ ಹೇಳಿದೆ. ಆದುದರಿಂದ ಜಾಣ ಅರ್ಜಿದಾರನು ಆ ಹಿಂಬರಹಕ್ಕೆ ಸುಮ್ಮನಾಗದೆ, ಆ ವರ್ಷದ ಕಡತಗಳ ವಹಿಯ ಪುಟವನ್ನು ಕೇಳುತ್ತಾನೆ. ಕಡತ ನಾಶಪಡಿಸಿದ್ದರೆ ನಾಶದ ಆದೇಶವನ್ನು, ಬೇರೆ ಜಿಲ್ಲೆಗೆ ಕಳುಹಿಸಿದ್ದರೆ ಕಳುಹಿಸಿದ ಪಟ್ಟಿಯನ್ನು ಕೇಳುತ್ತಾನೆ. ದಾಖಲೆ ಕೊಠಡಿಯಲ್ಲಿ ಖುದ್ದು ಪರಿಶೀಲಿಸುವ ಹಕ್ಕೂ ಉಂಟು. ಕಡತ ಕಳೆದಿದ್ದರೂ ವಹಿಯಲ್ಲಿ ಆದೇಶದ ಸಂಖ್ಯೆ, ದಿನಾಂಕ ಉಳಿದಿರಬಹುದು. ಮುಂದಿನ ಹುಡುಕಾಟಕ್ಕೆ ಅದೇ ಎಳೆ.

ಉತ್ತರಕ್ಕೆ 30 ದಿನಗಳ ಗಡುವು. ಮೀರಿದರೆ 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಪ್ರಥಮ ಮೇಲ್ಮನವಿ, ಅನಂತರ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ದಾರಿ ದೀರ್ಘವಾದುದರಿಂದ ಪ್ರಥಮ ಮೇಲ್ಮನವಿಯನ್ನೇ ಶ್ರದ್ಧೆಯಿಂದ ಬರೆಯುವುದು ಒಳಿತು.

ಇದೇ ಕಾಯ್ದೆಯಡಿ ಪ್ರತಿಸ್ಪರ್ಧಿಯೂ ಅರ್ಜಿ ಹಾಕಬಲ್ಲನು. ಉದ್ಯಮಿಯು ಗೋಪ್ಯವೆಂದು ಒಪ್ಪಿಸಿದ ವಿವರವನ್ನು ಬೇರೊಬ್ಬರು ಕೇಳಿದಾಗ 11ನೇ ಪ್ರಕರಣದಂತೆ ನೋಟಿಸು ಬರುತ್ತದೆ. ಆಕ್ಷೇಪಣೆಗೆ ಇರುವ ಅವಕಾಶ ಹತ್ತು ದಿನ ಮಾತ್ರ.