ಹಿರಿಯ ದಂಪತಿಗಳ ಬೆಳಗಿನ ನಡಿಗೆ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ



ಗ್ರಾಮ ಸಭೆಯ ನಡವಳಿ ಪುಸ್ತಕಗಳನ್ನು ತೆರೆದು ನೋಡಿದರೆ ಹಿರಿಯ ನಾಗರಿಕರ ವಿಷಯವು ಬಹುತೇಕ ಒಂದೇ ರೂಪದಲ್ಲಿ ಕಂಡುಬರುತ್ತದೆ. ವೃದ್ಧಾಪ್ಯ ವೇತನ ಮಂಜೂರಾಗಿಲ್ಲ, ಮಂಜೂರಾದದ್ದು ನಿಂತುಹೋಗಿದೆ, ಖಾತೆಗೆ ಜಮೆಯಾಗಿಲ್ಲ ಎಂಬ ಅಹವಾಲುಗಳೇ ಅಲ್ಲಿ ತುಂಬಿರುತ್ತವೆ. ಇವು ಅವಶ್ಯವಾದ ಚರ್ಚೆಗಳೇ ಹೌದು. ಆದರೆ ಆ ವೇತನವನ್ನು ಪಡೆಯುವವರು ಯಾರ ನೆರವೂ ಇಲ್ಲದೆ ಅಂಚೆ ಕಚೇರಿಯವರೆಗೆ ನಡೆದುಹೋಗಬಲ್ಲರೇ, ಮುಂದಿನ ಐದು ವರ್ಷವೂ ಹಾಗೆಯೇ ಹೋಗಬಲ್ಲರೇ ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಎತ್ತುವವರು ವಿರಳ. ಪ್ರಸ್ತುತ ಪಾಠವು ಆ ಪ್ರಶ್ನೆಗೆ ಸಂಬಂಧಿಸಿದ್ದಾಗಿದೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ಮೇಲ್ಪಟ್ಟವರ ಸಂಖ್ಯೆ 10 ಕೋಟಿಗೂ ಅಧಿಕ. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 9.5ರಷ್ಟಿತ್ತು, ಅಲ್ಲಿಂದೀಚೆಗೆ ಅದು ಏರುತ್ತಲೇ ಇದೆ. ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರಿಗೋ ಪುಣೆಗೋ ತೆರಳಿ, ಊರಿನ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೇ ಉಳಿದಿರುವ ಕುಟುಂಬಗಳು ಎಷ್ಟಿವೆ ಎಂಬುದು ತಮಗೆ ನಮಗಿಂತ ಚೆನ್ನಾಗಿ ತಿಳಿದಿದೆ. ತಮ್ಮ ವಾರ್ಡಿನ ಅಂತಹ ಮನೆಗಳನ್ನು ಬೆರಳೆಣಿಸಿ ಈ ಪಾಠವನ್ನು ಮುಂದೆ ಓದಬೇಕೆಂದು ಕೋರಿಕೆ.

ಇಂತಹ ಮನೆಯಲ್ಲಿ ಇಬ್ಬರ ಆರೋಗ್ಯವೂ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಿದ್ದಂತೆ. ಹೆಂಡತಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಮೇಲೆತ್ತಿ ಕೂರಿಸುವಷ್ಟು ಬಲ ಗಂಡನ ತೋಳುತೊಡೆಗಳಲ್ಲಿ ಉಳಿದಿರುವುದಿಲ್ಲ. ಗಂಡ ಹಾಸಿಗೆ ಹಿಡಿದರೆ, ಮಂಡಿನೋವಿನ ಹೆಂಡತಿ ಹಗಲಿರುಳು ಆರೈಕೆ ಮಾಡಿ ತಾನೂ ಕುಸಿಯುತ್ತಾಳೆ. ಒಬ್ಬರು ಬಿದ್ದ ದಿನವೇ ಇಬ್ಬರ ಸ್ವತಂತ್ರ ಜೀವನವೂ ಕೊನೆಗೊಂಡು, ಮನೆಗೆ ಬೀಗ ಬಿದ್ದು, ನಗರದ ಮಗನ ಚಿಕ್ಕ ಮನೆಗೆ ಹೋಗಬೇಕಾದ ಪ್ರಸಂಗಗಳು ಯಾವ ಗ್ರಾಮಕ್ಕೂ ಹೊಸತಲ್ಲ. ಆದುದರಿಂದ ವ್ಯಾಯಾಮದ ಮಾತನ್ನು ದಂಪತಿಗಳನ್ನು ಒಟ್ಟಾಗಿ ಉದ್ದೇಶಿಸಿಯೇ ಆಡುವುದು ಯುಕ್ತ.

"ಹೊಲದ ಕೆಲಸವೇ ವ್ಯಾಯಾಮವಲ್ಲವೇ?"

ಗ್ರಾಮಗಳಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದಾಗ ಮೊದಲು ಎದುರಾಗುವ ಆಕ್ಷೇಪಣೆ ಇದು. ಜೀವಮಾನವಿಡೀ ನೇಗಿಲು ಹಿಡಿದವರಿಗೆ, ಕಳೆ ಕಿತ್ತವರಿಗೆ ಪೇಟೆಯವರಂತೆ ನಡೆದಾಡಲು ಹೇಳುವುದೇಕೆ? ಆಕ್ಷೇಪಣೆಯಲ್ಲಿ ಸತ್ಯವಿದೆ, ಆದರೆ ಅದು ಹಿಂದಿನ ಸತ್ಯ. 65 ವರ್ಷದ ರೈತನು ಹೊಲವನ್ನು ಮಗನಿಗೆ ಒಪ್ಪಿಸಿರುತ್ತಾನೆ ಅಥವಾ ಗುತ್ತಿಗೆಗೆ ಕೊಟ್ಟಿರುತ್ತಾನೆ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಹಾಲಿನ ಡೇರಿಗೆ ಕ್ಯಾನು ಹೊತ್ತು ನಡೆಯುತ್ತಿದ್ದ ದಾರಿಯನ್ನು ಈಗ ಮೊಮ್ಮಗ ಬೈಕಿನಲ್ಲಿ ಎರಡು ನಿಮಿಷಕ್ಕೆ ಮುಗಿಸುತ್ತಾನೆ. ಐವತ್ತು ವರ್ಷ ದುಡಿದ ದೇಹವು ಒಂದೆರಡು ವರ್ಷದೊಳಗೆ ಜಗಲಿಯ ದೇಹವಾಗಿಬಿಡುತ್ತದೆ. ಹಿಂದೆ ದುಡಿದದ್ದು ಈಗಿನ ಸ್ನಾಯುವಿಗೆ ಠೇವಣಿಯಾಗಿ ಉಳಿಯುವುದಿಲ್ಲ. ನಡುವಯಸ್ಸಿನಿಂದಲೇ ಸ್ನಾಯುಗಳು ಕ್ರಮೇಣ ಕರಗತೊಡಗಿ, 60ರ ನಂತರ ಆ ಇಳಿಕೆ ವೇಗವಾಗುತ್ತದೆ. ಕೆಲಸ ನಿಂತರೆ ಇನ್ನೂ ವೇಗವಾಗುತ್ತದೆ. ಸಮಾಧಾನದ ಸಂಗತಿಯೆಂದರೆ, ಎಪ್ಪತ್ತು-ಎಂಬತ್ತರ ವಯಸ್ಸಿನಲ್ಲಿಯೂ ಕ್ರಮವಾಗಿ ಕೆಲಸ ಕೊಟ್ಟರೆ ಸ್ನಾಯು ಮರಳಿ ಬಲಗೊಳ್ಳುತ್ತದೆ. ಇದು ವೈದ್ಯಶಾಸ್ತ್ರದಲ್ಲಿ ಸಿದ್ಧವಾದ ವಿಷಯ.

ಹೆಂಗಸರ ಸ್ಥಿತಿ ಬೇರೆ. ಅವರ ಮನೆಗೆಲಸಕ್ಕೆ ನಿವೃತ್ತಿ ಎಂಬುದಿಲ್ಲ. ಆದರೆ ಒಲೆ, ಪಾತ್ರೆ, ಕಸಗುಡಿಸುವುದು ಎಲ್ಲವೂ ಬಾಗಿ ಮಾಡುವ, ನಿಂತಲ್ಲೇ ಮಾಡುವ ಕೆಲಸಗಳು. ಅವು ದಣಿಸುತ್ತವೆ, ಹೃದಯಕ್ಕೂ ಸಮತೋಲನಕ್ಕೂ ಬೇಕಾದ ಸತತ ನಡಿಗೆಯನ್ನು ಕೊಡುವುದಿಲ್ಲ. ಇದಲ್ಲದೆ, ಕೆಲಸವಿಲ್ಲದೆ ಬೀದಿಯಲ್ಲಿ ನಡೆಯುವ ಹೆಂಗಸನ್ನು ಕಂಡು ಮಾತನಾಡುವ ಬಾಯಿಗಳು ಇನ್ನೂ ಇವೆ. ಗಂಡನೊಂದಿಗೆ ಹೊರಟರೆ ಆ ಬಾಯಿಗಳು ಮುಚ್ಚುತ್ತವೆ ಎಂಬುದು ದಂಪತಿ ನಡಿಗೆಯ ಒಂದು ವ್ಯಾವಹಾರಿಕ ಪ್ರಯೋಜನ.

ಎಷ್ಟು, ಹೇಗೆ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, 65 ವರ್ಷ ಮೇಲ್ಪಟ್ಟವರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕು. ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, ಮೂರು ದಿನವಾದರೂ ಸಮತೋಲನ ಮತ್ತು ಬಲವನ್ನು ಕೂಡಿಸಿದ ವ್ಯಾಯಾಮ ಅವಶ್ಯ. 150 ನಿಮಿಷವೆಂದರೆ ದಿನಕ್ಕೆ 30 ನಿಮಿಷದಂತೆ ಐದು ದಿನ. ಅದನ್ನು ಒಮ್ಮೆಗೇ ಮುಗಿಸಬೇಕೆಂದಿಲ್ಲ. ಬೆಳಿಗ್ಗೆ 15, ಸಂಜೆ 15 ನಿಮಿಷವಾದರೂ ಸರಿ. ಮಧ್ಯಮ ಶ್ರಮವನ್ನು ಅಳೆಯಲು ಯಂತ್ರ ಬೇಕಿಲ್ಲ. ನಡೆಯುತ್ತಾ ಜೊತೆಯವರೊಡನೆ ಮಾತನಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಹಾಡಬಲ್ಲವರು ವೇಗ ಹೆಚ್ಚಿಸಬೇಕು. ಮಾತು ಕಡಿಯುವವರು ತಗ್ಗಿಸಬೇಕು. ದಂಪತಿಗಳಿಗೆ ಈ ಅಳತೆಗೋಲು ಬಹಳ ಅನುಕೂಲ, ಏಕೆಂದರೆ ಮಾತಿಗೆ ಜೊತೆಯವರು ಪಕ್ಕದಲ್ಲಿಯೇ ಇರುತ್ತಾರೆ.

ಬಹುಕಾಲ ನಡೆಯದೆ ಇದ್ದವರು ಮೊದಲ ವಾರ ದಿನಕ್ಕೆ ಹತ್ತೇ ನಿಮಿಷದಿಂದ ಆರಂಭಿಸಿ, ವಾರಕ್ಕೆ ಐದೈದು ನಿಮಿಷ ಹೆಚ್ಚಿಸುತ್ತಾ ಹೋದರೆ ಐದನೆಯ ವಾರಕ್ಕೆ ಅರ್ಧ ಗಂಟೆ ತಲುಪುತ್ತಾರೆ. ಅವಸರ ಬೇಡ. ಮೊದಲ ದಿನವೇ ಊರ ಹೊರಗಿನ ದೇವಸ್ಥಾನದವರೆಗೆ ಹೋಗಿ, ಮರುದಿನ ಮೈಕೈ ನೋವೆಂದು ಮಲಗಿ, ಮೂರನೆಯ ದಿನ ಕೈಬಿಡುವವರೇ ಹೆಚ್ಚು.

ದಂಪತಿಗಳ ನಡಿಗೆಯಲ್ಲಿ ಒಂದು ವಿಶೇಷ ತೊಡಕುಂಟು: ಇಬ್ಬರ ವೇಗವೂ ಒಂದೇ ಆಗಿರುವುದಿಲ್ಲ. ನನ್ನ ತಂದೆ-ತಾಯಿ ನಡೆಯುವಾಗ ತಂದೆ ಯಾವಾಗಲೂ ಹತ್ತು ಮಾರು ಮುಂದಿರುತ್ತಿದ್ದರು. ತಾಯಿ ಕೂಗಿದಾಗ ನಿಂತು ಹಿಂದಿರುಗಿ ನೋಡಿ, ಆಕೆ ಹತ್ತಿರ ಬರುವಷ್ಟರಲ್ಲಿ ಮತ್ತೆ ಹೊರಡುತ್ತಿದ್ದರು. ಹೀಗಾಗಿ ನಿಂತು ಸುಧಾರಿಸಿಕೊಳ್ಳುವ ಅವಕಾಶ ತಂದೆಗೆ ಮಾತ್ರ ದೊರೆಯುತ್ತಿತ್ತು. ಇದಕ್ಕೆ ಸರಳ ಪರಿಹಾರ, ದೂರವನ್ನು ಲೆಕ್ಕಿಸದೆ ಸಮಯವನ್ನು ಲೆಕ್ಕಿಸುವುದು. ಇಬ್ಬರೂ ಮನೆಯಿಂದ ಒಂದೇ ಸಮಯಕ್ಕೆ ಹೊರಟು, ತಮ್ಮ ತಮ್ಮ ಗತಿಯಲ್ಲಿ 15 ನಿಮಿಷ ನಡೆದು, ಅಲ್ಲಿಂದಲೇ ತಿರುಗಿದರೆ, ಒಬ್ಬರು ಹೆಚ್ಚು ದೂರ ಹೋಗಿದ್ದರೂ ಮನೆಗೆ ಇಬ್ಬರೂ ಜೊತೆಯಾಗಿಯೇ ಮುಟ್ಟುತ್ತಾರೆ. ಇಬ್ಬರಲ್ಲಿ ಒಬ್ಬರಿಗೆ ತಲೆಸುತ್ತು, ಹೃದ್ರೋಗ ಇತ್ಯಾದಿ ಇದ್ದಲ್ಲಿ ಮಾತ್ರ ರಸ್ತೆಗಿಂತ ಶಾಲಾ ಮೈದಾನದ ಸುತ್ತು ಲೇಸು; ಅಲ್ಲಿ ವೇಗ ಬೇರೆಯಾದರೂ ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳುತ್ತಿರುತ್ತಾರೆ.

ನಡಿಗೆಯೊಂದೇ ಸಾಲದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಬೀಳದಂತೆ ಕಾಯುವುದು ತೊಡೆಯ ಬಲ ಮತ್ತು ಸಮತೋಲನ. ಅದಕ್ಕೆ ಬೇಕಾದ ಸಲಕರಣೆಗಳು ಅರಳಿಕಟ್ಟೆಯಲ್ಲಿಯೇ ಇವೆ. ಮಂಡಿಯೆತ್ತರದ ಕಟ್ಟೆಯ ಮೇಲೆ ಕುಳಿತು, ಸಾಧ್ಯವಾದಷ್ಟೂ ಕೈಯೂರದೆ ಎದ್ದು ನಿಂತು, ನಿಧಾನವಾಗಿ ಮತ್ತೆ ಕುಳಿತುಕೊಳ್ಳುವುದು: ಎಂಟರಿಂದ ಹತ್ತು ಬಾರಿ, ಸ್ವಲ್ಪ ವಿರಾಮ, ಮತ್ತೊಮ್ಮೆ ಅಷ್ಟೇ. ಕಂಬ ಹಿಡಿದು ಹಿಮ್ಮಡಿಗಳನ್ನೆತ್ತಿ ತುದಿಗಾಲಲ್ಲಿ ನಿಲ್ಲುವುದು. ಕಂಬವನ್ನು ಒಂದು ಕೈಯಲ್ಲಿ ಹಿಡಿದು ಒಂಟಿ ಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಂತು, ಕಾಲು ಬದಲಿಸುವುದು. ಗೋಡೆಯ ಪಕ್ಕದಲ್ಲಿ, ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳಿಗೆ ತಾಗುವಂತೆ ಹತ್ತು ಹೆಜ್ಜೆ ಇಡುವುದು. ಒಬ್ಬರು ಮಾಡುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ಎಣಿಸಬೇಕು. ಎಣಿಸುವವರ ಕೈ ಆಸರೆಗೆ ಸಿದ್ಧವಾಗಿರಬೇಕು. ಕೈಯೂರದೆ ಐದು ಬಾರಿಯೂ ಏಳಲಾಗದವರು ಬೀಳುವ ಅಪಾಯದಲ್ಲಿರುವರೆಂದು ತಿಳಿದು ಸಮುದಾಯ ಆರೋಗ್ಯ ಅಧಿಕಾರಿಗಳ ಗಮನಕ್ಕೆ ತರುವುದು ಸೂಕ್ತ.

ಮಂಡಿನೋವಿರುವವರು ನಡೆದರೆ ಮಂಡಿ ಸವೆಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಸಾಮಾನ್ಯ ಸಂಧಿವಾತದಲ್ಲಿ ಇದು ಸರಿಯಲ್ಲ. ಸಮತಟ್ಟಾದ ದಾರಿಯಲ್ಲಿ ಮಿತವಾಗಿ ನಡೆದು ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸಿದಷ್ಟೂ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಮಂಡಿ ಊದಿ ಬಿಸಿಯಾಗಿದ್ದಾಗ ಮಾತ್ರ ವಿಶ್ರಾಂತಿ ಬೇಕು.

ಎಚ್ಚರಿಕೆಗಳು

ಆರಂಭಿಸುವ ಮುನ್ನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಇಬ್ಬರೂ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಶ್ರಮಪಟ್ಟಾಗ ಎದೆನೋವು ಬರುವವರು, ಇತ್ತೀಚೆಗೆ ಪಾರ್ಶ್ವವಾಯು ಅಥವಾ ಶಸ್ತ್ರಚಿಕಿತ್ಸೆ ಆದವರು, ಪಾದದಲ್ಲಿ ಗಾಯವಿರುವ ಮಧುಮೇಹಿಗಳು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ನಡೆಯದೆ, ಬೆಲ್ಲದ ತುಂಡನ್ನೋ ಸಕ್ಕರೆಯನ್ನೋ ಜೊತೆಗಿಟ್ಟುಕೊಳ್ಳಬೇಕು. ಬೆವರಿ, ನಡುಗಿ, ಮಾತು ತೊದಲಿದರೆ ಜೊತೆಯವರು ಅದನ್ನು ತಿನ್ನಿಸಬೇಕೆಂಬುದು ಇಬ್ಬರಿಗೂ ತಿಳಿದಿರಬೇಕು. ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಲೇಬಾರದು. ಹಿಮ್ಮಡಿಗೆ ಪಟ್ಟಿಯಿಲ್ಲದ ಹವಾಯಿ ಚಪ್ಪಲಿ ಯಾರಿಗೂ ಹಿತವಲ್ಲ. ಎದೆಯಲ್ಲಿ ಬಿಗಿತ, ಎಡತೋಳಿಗೆ ಹರಿಯುವ ನೋವು, ತಣ್ಣನೆಯ ಬೆವರು ಕಂಡಲ್ಲಿ ಅಲ್ಲಿಯೇ ಕುಳಿತು 108ಕ್ಕೆ ಕರೆ ಮಾಡತಕ್ಕದ್ದು. ಮನೆಗೆ ಹೋಗಿ ನೋಡೋಣವೆಂದು ನಡೆಯುವುದು ಅಪಾಯಕರ.

ಮಾರ್ಚ್‌ನಿಂದ ಮೇವರೆಗೆ, ವಿಶೇಷವಾಗಿ ಕಲಬುರಗಿ, ರಾಯಚೂರಿನಂತಹ ಬಿಸಿಲ ಸೀಮೆಯಲ್ಲಿ, ಎಂಟು ಗಂಟೆಗೆ ಮುನ್ನವೇ ನಡಿಗೆ ಮುಗಿದಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಸಮುದಾಯ ಭವನದ ಒಳಾಂಗಣವೋ ಶಾಲೆಯ ಪಡಸಾಲೆಯೋ ದೊರೆಯದಿದ್ದರೆ ನಾಲ್ಕು ತಿಂಗಳ ಕಾಲ ಅಭ್ಯಾಸವೇ ತಪ್ಪಿಹೋಗುತ್ತದೆ. ಪಾದಚಾರಿ ಮಾರ್ಗವಿಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ, ಒಬ್ಬರ ಹಿಂದೊಬ್ಬರು ನಡೆಯಬೇಕು. ನಸುಕಿನಲ್ಲಿ ತಿಳಿಬಣ್ಣದ ಬಟ್ಟೆ ಮತ್ತು ಕೈಯಲ್ಲಿ ಟಾರ್ಚ್ ಕಡ್ಡಾಯ. ಹಾವು ಮತ್ತು ವಾಹನ ಎರಡರ ದೃಷ್ಟಿಯಿಂದಲೂ.

ಪಂಚಾಯಿತಿಯು ಮಾಡಬಹುದಾದದ್ದು

ಇಲ್ಲಿಯವರೆಗಿನದು ಆಶಾ ಕಾರ್ಯಕರ್ತೆಯರೂ ಹೇಳಬಲ್ಲ ಮಾತು. ಇನ್ನು ಮುಂದಿನದು ಸದಸ್ಯರ ಕೈಯಲ್ಲಿ ಮಾತ್ರ ಇರುವುದು.

ಮೊದಲನೆಯದಾಗಿ ನೀರು. ನೀರಗಂಟಿಯು ಬೆಳಿಗ್ಗೆ ಆರಕ್ಕೆ ನೀರು ಬಿಡುವ ಬೀದಿಯಲ್ಲಿ ಯಾವ ಹೆಂಗಸೂ ಆರು ಗಂಟೆಗೆ ನಡೆಯಲು ಹೊರಡಲಾರಳು. ವಯಸ್ಸಾದ ಹೆಂಗಸರು ಏಕೆ ಬರುವುದಿಲ್ಲವೆಂದು ಚರ್ಚಿಸುವ ಮುನ್ನ ಆ ಬೀದಿಯ ನೀರಿನ ವೇಳಾಪಟ್ಟಿಯನ್ನು ನೋಡುವುದು ಒಳಿತು. ವೇಳೆಯನ್ನು ಏಳೂವರೆಗೆ ಬದಲಿಸಲು ಯಾವ ಅನುದಾನವೂ ಬೇಕಿಲ್ಲ. ವೇಳೆ ಬದಲಾದರೆ ಕೂಲಿಗೆ ಹೋಗುವ ಮನೆಗಳಿಗೆ ತೊಂದರೆಯಾಗಬಹುದಾದ್ದರಿಂದ ವಾರ್ಡ್ ಸಭೆಯಲ್ಲಿ ಕೇಳಿಯೇ ನಿರ್ಧರಿಸಬೇಕು.

ಎರಡನೆಯದು ದಾರಿ. ಅರ್ಧ ಕಿಲೋಮೀಟರಿನಷ್ಟು ಒಂದೇ ಒಂದು ದಾರಿಯನ್ನು ಆರಿಸಿ, ಅದರಲ್ಲಿ ಒಡೆದ ಚರಂಡಿ ಚಪ್ಪಡಿಗಳನ್ನು ಬದಲಿಸಿ, ಸಿಮೆಂಟ್ ರಸ್ತೆಯ ಅಂಚಿನಿಂದ ಮಣ್ಣಿಗೆ ಇರುವ ಎತ್ತರದ ಇಳಿತವನ್ನು ಮೊರಂ ಹಾಕಿ ಸಮಮಾಡಿ, ಬೀದಿದೀಪಗಳು ಬೆಳಗಿನ ಆರರವರೆಗೆ ಉರಿಯುವಂತೆ ಮಾಡಿ, ಇನ್ನೂರು ಮೀಟರಿಗೊಂದರಂತೆ ಕಲ್ಲುಬೆಂಚು ಹಾಕಿಸಿದರೆ ಸಾಕು. ಬೆಂಚನ್ನು ಅಲಂಕಾರವೆಂದು ತಿಳಿಯಬಾರದು. ಮುಂದೆ ಕೂರಲು ಜಾಗವಿದೆಯೆಂದು ತಿಳಿದವರು ಮಾತ್ರ ಅಷ್ಟು ದೂರ ಹೋಗಲು ಧೈರ್ಯ ಮಾಡುತ್ತಾರೆ. ಬೆಂಚು ಮಂಡಿಯೆತ್ತರದ್ದಾಗಿರಲಿ; ತೀರ ತಗ್ಗಾದರೆ ಏಳುವುದೇ ಕಷ್ಟವಾಗುತ್ತದೆ. ದಾರಿಯ ಬಳಿ ಮಹಿಳೆಯರಿಗೆ ಒಂದು ಶೌಚಾಲಯ ತೆರೆದಿರಬೇಕು. ಮೂತ್ರದ ಅವಸರದ ಭಯದಿಂದಲೇ ಮನೆಯಲ್ಲಿ ಉಳಿಯುವ ಹಿರಿಯ ಹೆಂಗಸರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಬಯಲು ವ್ಯಾಯಾಮ ಉಪಕರಣಗಳನ್ನು ಖರೀದಿಸುವ ಪ್ರಸ್ತಾವಗಳು ಅನೇಕ ಪಂಚಾಯಿತಿಗಳಿಂದ ಬರುತ್ತವೆ. ಉದ್ಘಾಟನೆಗೂ ಛಾಯಾಚಿತ್ರಕ್ಕೂ ಅವು ಅನುಕೂಲ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು, ಮಕ್ಕಳ ಜೋಕಾಲಿಯಾಗಿ, ಹಿರಿಯರು ಹತ್ತಲು ಹೆದರುವ ವಸ್ತುಗಳಾಗಿರುವುದನ್ನು ಹಲವೆಡೆ ಕಂಡಿದ್ದೇವೆ. ನಿರ್ವಹಣೆಗೆ ಹಣವಿಡದೆ ಅವುಗಳನ್ನು ಕೊಳ್ಳುವುದಕ್ಕಿಂತ ಸಮತಟ್ಟಾದ ದಾರಿಯೂ ಕಟ್ಟೆಯೂ ಮೇಲು ಎಂಬುದು ನಮ್ಮ ಅಭಿಪ್ರಾಯ.

ಶಾಲಾ ಮೈದಾನದ ಬೀಗದ ಕೈ ಯಾರ ಬಳಿ ಇದೆ ಎಂಬ ಚಿಕ್ಕ ಪ್ರಶ್ನೆ ಎಷ್ಟೋ ಊರುಗಳಲ್ಲಿ ದೊಡ್ಡದಾಗಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದಿಗೆ ಮಾತನಾಡಿ ಬೆಳಿಗ್ಗೆ ಶಾಲೆ ಆರಂಭವಾಗುವವರೆಗೆ ತೆರೆದಿಡಿಸಬಹುದು. ಬೀದಿನಾಯಿಗಳ ಭಯವೂ ನಿಜವಾದದ್ದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದೇ ಆಗಿರುವುದರಿಂದ ಪಶುಪಾಲನಾ ಇಲಾಖೆಯೊಡನೆ ವ್ಯವಹರಿಸಬೇಕು. ಅಲ್ಲಿಯವರೆಗೆ ನಡೆಯುವವರ ಕೈಯಲ್ಲಿ ಊರುಗೋಲಿರಲಿ. ಅದು ಕಾಲಿಗೂ ಆಸರೆ.

ಈ ಕಾಮಗಾರಿಗಳನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ 'ಆರೋಗ್ಯಕರ ಗ್ರಾಮ' ವಿಷಯದಡಿ ಪ್ರಸ್ತಾಪಿಸಲು ಅವಕಾಶವಿದೆ. ಸಾಮಾಜಿಕ ನ್ಯಾಯ ಸಮಿತಿಯು ಮೊದಲು ಚರ್ಚಿಸಿದರೆ, ಪರಿಶಿಷ್ಟರ ಕೇರಿಯಿಂದಲೂ ಆ ದಾರಿ ಸುಲಭವಾಗಿ ಮುಟ್ಟುವಂತಿದೆಯೇ ಎಂಬುದು ಸಹಜವಾಗಿ ಮುಂದೆ ಬರುತ್ತದೆ. ದಾರಿಯು ಊರಿನ ಒಂದೇ ಬದಿಯವರಿಗೆ ಸೇರಿದಂತಾದರೆ ಉದ್ದೇಶ ಈಡೇರುವುದಿಲ್ಲ.

ಮುಂದಿನ ಸಾಮಾನ್ಯ ಸಭೆಗೆ ಮುನ್ನ, ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಒಂದು ಹಿರಿಯ ದಂಪತಿಯೊಡನೆ ಅವರದೇ ಗತಿಯಲ್ಲಿ ಅರ್ಧ ಗಂಟೆ ನಡೆದು, ಅವರು ಎಲ್ಲಿ ನಿಂತರು, ಎಲ್ಲಿ ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡರು, ಎಲ್ಲಿಂದ ಹಿಂದಿರುಗಿದರು ಎಂಬುದನ್ನು ಬರೆದುಕೊಂಡು ಬರುವಂತೆ ಕೋರಲಾಗಿದೆ. ಸದರಿ ಟಿಪ್ಪಣಿಗಳನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಸಭೆಯ ಮುಂದೆ ಮಂಡಿಸುವುದು. ನಡೆಯಲು ಹೊರಡುವ ದಿನ ಸದಸ್ಯರು ತಮ್ಮ ಮೋಟಾರು ಬೈಕನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು.